ಕಾಲುವೆಗೆ ಎಸೆದ ಗಿಡಗಳು

ಬೆಳಿಗ್ಗೆ ನೆಟ್ಟಗಿದ್ದ ಟೊಮೆಟೊ ಗಿಡ ಮಧ್ಯಾಹ್ನಕ್ಕೆ ತಲೆ ಇಳಿಬಿಟ್ಟಿತ್ತು. ಎಲೆ ಹಳದಿಯಾಗಿರಲಿಲ್ಲ, ಹುಳುವಿನ ಗುರುತಿರಲಿಲ್ಲ, ನೆಲದಲ್ಲಿ ತೇವವೂ ಇತ್ತು. ಹಸಿರಾಗಿದ್ದಂತೆಯೇ ಬಾಡಿತ್ತು. ದೊಡ್ಡ ಸೊಸೆ ಅದನ್ನು ಬೇರುಸಹಿತ ಕಿತ್ತು ಹೊಲದಂಚಿನ ಕಾಲುವೆಗೆ ಎಸೆದಳು. ಆ ವಾರದಲ್ಲಿ ಅದು ನಲವತ್ತನೆಯದು.

ಯಾರ ಕೆಲಸವೆಂದು ಅವಳಿಗೆ ಅನುಮಾನವಿರಲಿಲ್ಲ. ಹೊಲ ಪಾಲಾದಾಗ ಮೇಲಿನ ತುಂಡು ತನಗೆ ಬಂದದ್ದು ಓರಗಿತ್ತಿಯ ಹೊಟ್ಟೆ ಉರಿಸಿತ್ತಲ್ಲ. “ಬೇರಿಗೆ ಏನೋ ಸುರಿದಿದ್ದಾಳೆ” ಎಂದು ನೀರು ಹಿಡಿಯುವ ಸಾಲಿನಲ್ಲಿ ಎಲ್ಲರೆದುರೇ ಹೇಳಿದಳು. ಓರಗಿತ್ತಿ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋದಳು.

ಕೆಲವು ವಾರಗಳಲ್ಲಿ ಕೆಳಗಿದ್ದ ಓರಗಿತ್ತಿಯ ಹೊಲದ ಗಿಡಗಳೂ ಬಾಡತೊಡಗಿದವು. ದೊಡ್ಡ ಸೊಸೆಗೆ ಒಳಗೊಳಗೇ ಸಮಾಧಾನವಾಯಿತು.

“ಈಗ ಗೊತ್ತಾಗುತ್ತೆ ಅವಳಿಗೆ.”

“ತನ್ನ ಗಿಡಕ್ಕೆ ತಾನೇ ಸುರ್ಕೊಂಡ್ಳಾ?” ಎಂದ ಗಂಡ.

“ನೀವು ಯಾವತ್ತಿದ್ರೂ ಅವರ ಪರಾನೇ.”

ಗಂಡ ಮಣ್ಣು ಪರೀಕ್ಷೆ ಮಾಡುವ ಹೆಂಗಸನ್ನು ಕರೆತಂದ. ಎಲ್ಲರೂ ಅವಳನ್ನು ಮಣ್ಣು ಮೇಡಂ ಎನ್ನುತ್ತಿದ್ದರು. ಅವಳು ಬಾಡಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಅದ್ದಿ ಹಿಡಿದಳು. ಸ್ವಲ್ಪ ಹೊತ್ತಿಗೆ ಕೊಯ್ದ ಜಾಗದಿಂದ ಹಾಲಿನಂಥ ಎಳೆ ಇಳಿಯಿತು.

“ನೋಡಿ, ವಿಷ” ಎಂದಳು ದೊಡ್ಡ ಸೊಸೆ.

“ವಿಷ ಅಲ್ಲಮ್ಮ, ಬ್ಯಾಕ್ಟೀರಿಯಾ. ಬೇರಿಂದ ಒಳಗೆ ಹೋಗಿ ನೀರು ಏರೋ ದಾರೀನೇ ಕಟ್ಟುತ್ತೆ. ಇಲ್ಲಿ ಟೊಮೆಟೊ ಎಷ್ಟು ವರ್ಷದಿಂದ?”

“ಏಳು. ಕೈ ಹಿಡಿದ ಬೆಳೆ ಬಿಟ್ಟು ಬೇರೆ ಯಾಕೆ ಹಾಕ್ಬೇಕು?”

“ಆ ರೋಗಕ್ಕೂ ಏಳು ವರ್ಷ ಅದರ ಇಷ್ಟದ ಊಟಾನೇ ಬಡಿಸಿದ್ದೀರಿ. ಜೊತೆಗೆ ಬರೀ ಚೀಲದ ಗೊಬ್ಬರ. ಮಣ್ಣು ಪರೀಕ್ಷೆ ಮಾಡಿ ನೋಡ್ದೆ, ಹುಳಿಯಾಗಿದೆ. ಬೇರು ಕಾಯೋ ಒಳ್ಳೆ ಬ್ಯಾಕ್ಟೀರಿಯಾನೂ ಮಣ್ಣಲ್ಲಿ ಇರ್ತವೆ, ಹುಳಿ ಹೆಚ್ಚಾದ್ರೆ ಅವು ಸೊರಗ್ತವೆ. ಈಗ ನಿಮ್ಮ ಹೊಲಕ್ಕೆ ಕಾವಲೇ ಇಲ್ಲ.” ಆಮೇಲೆ ಅವಳು ಸುತ್ತ ನೋಡಿದಳು. “ಕಿತ್ತ ಗಿಡ ಎಲ್ಲಿ ಹಾಕಿದ್ರಿ?”

“ಕಾಲುವೆಗೆ.”

“ಈ ಕಾಲುವೆ ನೀರು ಮುಂದೆ ಎಲ್ಲಿಗೆ ಹೋಗುತ್ತೆ?”

ದೊಡ್ಡ ಸೊಸೆ ಕಾಲುವೆ ಇಳಿಯುವ ಕಡೆಗೆ ತಿರುಗಿ ನೋಡಿದಳು. ಕೆಳಗೆ ಓರಗಿತ್ತಿ ಬಗ್ಗಿಕೊಂಡು ಸತ್ತ ಗಿಡಗಳನ್ನು ಒಂದೊಂದಾಗಿ ಕೀಳುತ್ತಿದ್ದದ್ದು ಅಲ್ಲಿಂದ ಕಾಣುತ್ತಿತ್ತು.

ದೊಡ್ಡ ಸೊಸೆ ಒಬ್ಬಳೇ ಇಳಿದು ಹೋದಳು.

“ನೀನೇನೂ ಮಾಡಿಲ್ಲ ಕಣೆ. ರೋಗ ನನ್ನ ಹೊಲದ್ದು. ನಿನ್ನ ಹೊಲಕ್ಕೂ ನಾನೇ ಕಳಿಸ್ದೆ.”

ಓರಗಿತ್ತಿ ಬೆನ್ನು ನೆಟ್ಟಗೆ ಮಾಡಲಿಲ್ಲ. “ಸಾಲಲ್ಲಿ ನಿಂತು ಹೇಳಿದ್ರಲ್ಲ ಅಕ್ಕ, ಇದನ್ನೂ ಅಲ್ಲೇ ಹೇಳಿ.”

ಮರುದಿನ ಬೆಳಿಗ್ಗೆ ದೊಡ್ಡ ಸೊಸೆ ಹೇಳಿದಳು. ಕೆಲವರು ಕೇಳಿಸಿಕೊಂಡರು, ಕೆಲವರು ನಕ್ಕರು. ಓರಗಿತ್ತಿ ಆ ದಿನ ನೀರಿಗೆ ಬಂದಿರಲಿಲ್ಲ.

ಈ ವರ್ಷ ಎರಡೂ ಹೊಲಗಳಿಗೆ ಹುಳಿ ಇಳಿಸುವ ಸುಣ್ಣ, ಕೊಟ್ಟಿಗೆ ಗೊಬ್ಬರ ಬಿದ್ದಿವೆ, ಟೊಮೆಟೊ ಬದಲು ಜೋಳ ಎದ್ದಿದೆ. ಓರಗಿತ್ತಿಯರ ನಡುವೆ ಮಾತು ಮಾತ್ರ ಇನ್ನೂ ಹುಟ್ಟಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ರೈತ ಬಂಧುಗಳೇ, ಮಣ್ಣು ಪರೀಕ್ಷೆ ಮಾಡಿಸಿ. ಸುಣ್ಣವನ್ನು ಅಂದಾಜಿನ ಮೇಲೆ ಹಾಕಬೇಡಿ, ಪರೀಕ್ಷೆಯವರು ಹೇಳಿದಷ್ಟೇ ಹಾಕಿ. ಟೊಮೆಟೊ ಬಾಡಿದ ನೆಲದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಬಾಡಿದ ಗಿಡವನ್ನು ಒಣಗಿಸಿ ಸುಡಿ, ಕುಡುಗೋಲು ತೊಳೆಯಿರಿ. ಒಂದೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ನಾವು ಮಾತು ಕೊಡಲಾರೆವು, ಮಣ್ಣು ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಇಂದು ನಿಮ್ಮ ಹೊಲದಲ್ಲಿ ಗಿಡ ಬಾಡಿದ್ದರೆ, ಪಕ್ಕದ ಹೊಲದವರಿಗೆ ಇಂದೇ ತಿಳಿಸಿ. ಅವರ ಗಿಡಗಳು ಇನ್ನೂ ನಿಂತಿರಬಹುದು.