ಹದಿನೈದನೆಯ ಕುರ್ಚಿ

ಮೇಲ್ಪೇಟೆಯ ಬಣಕ್ಕೂ ಕೆಳಪೇಟೆಯ ಬಣಕ್ಕೂ ಒಂದೇ ಒಂದು ವಿಷಯದಲ್ಲಿ ಒಮ್ಮತವಿತ್ತು: ಆ ಕಂಡಕ್ಟರಮ್ಮನ ಬಾಯಿಯನ್ನು ಸಹಿಸಲಾಗದು. ಟಿಕೆಟ್ ತೆಗೆಯದ ಮೇಲ್ಪೇಟೆಯ ಪುಂಡರನ್ನು ನಡುದಾರಿಯಲ್ಲಿ ಇಳಿಸಿದವಳು ಅವಳೇ. ಬಾವುಟ ಹಿಡಿದು ಬಸ್ಸಿನ ನೆತ್ತಿಗೇರಿದ ಕೆಳಪೇಟೆಯ ಪುಂಡರನ್ನು ಬೈದು ಕೆಳಗಿಳಿಸಿದವಳೂ ಅವಳೇ. ಅದಕ್ಕೇ ಅವಳಿಗೆ ಹದಿನೈದನೆಯ ಕುರ್ಚಿ ಸಿಕ್ಕಿತು.

ಆ ಕುರ್ಚಿ ಹುಟ್ಟಿದ್ದು ಹೀಗೆ. ಪುರಸಭೆಯ ಚುನಾವಣೆಯಲ್ಲಿ ಎರಡೂ ಬಣಗಳಿಗೆ ಸಮಸಮ ಸ್ಥಾನಗಳು ಬಂದವು. ಬಾಯಿಜಗಳ ಕೈಗೆ ಬಂತು, ಕೈಯಲ್ಲಿ ಕಲ್ಲು ಬಂತು, ಕೊನೆಗೆ ಊರ ನಡುವಿನ ದೊಡ್ಡ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಗೇಟು ಎದ್ದು ನಿಂತಿತು. ಗೇಟಿಗೆ ಎರಡು ಬೀಗ. ಒಂದರ ಕೀಲಿ ಇವರ ಹತ್ತಿರ, ಇನ್ನೊಂದರದು ಅವರ ಹತ್ತಿರ. ಅಧಿಕಾರ ಹಂಚಿಕೊಳ್ಳುವುದೆಂದರೆ ಅವರಿಗೆ ತಿಳಿದದ್ದು ಅಷ್ಟೇ. ಸರ್ಕಾರ ಗದರಿದ ಮೇಲೆ ಸಲಹಾ ಮಂಡಳಿಯೊಂದಕ್ಕೆ ತಲೆಯಾಡಿಸಿದರು: ಇಬ್ಬರಿಗೂ ಏಳೇಳು ಕುರ್ಚಿ, ಮತ ಸಮವಾದರೆ ಹದಿನೈದನೆಯವರು ಹೇಳಿದ್ದೇ ತೀರ್ಮಾನ. ಆ ಹದಿನೈದನೆಯವರು ಯಾರು? ಹೆಡ್‌ಮಾಸ್ಟರ ಹೆಸರು ಬಂದಾಗ, ಅವರು ಆ ಕಡೆಯವರ ಸೋದರಮಾವ ಎಂದು ಇವರು ಮೂಗು ಮುರಿದರು. ಡಾಕ್ಟರ ಹೆಸರು ಬಂದಾಗ, ಅವರು ಈ ಕಡೆಯವರ ಬಾಡಿಗೆ ಮನೆಯಲ್ಲಿದ್ದಾರೆ ಎಂದು ಅವರು ಮುಖ ಸಿಂಡರಿಸಿದರು. ಇಬ್ಬರಿಗೂ ಸಮನಾಗಿ ಬೇಡವಾದವರು ಯಾರು ಎಂದು ಯೋಚಿಸಿದಾಗ ಮಾತ್ರ ಉತ್ತರ ಥಟ್ಟನೆ ಹೊಳೆಯಿತು. ಅಧ್ಯಕ್ಷ ಯಾರೆಂಬುದು ಬಗೆಹರಿಯುವ ತನಕ ಸಭೆ ನಡೆಸುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದರು.

ನಂಬಿಕೆ ಎನ್ನುವುದು ಅವರಲ್ಲಿ ಎಳ್ಳಷ್ಟೂ ಇರಲಿಲ್ಲ. ಎದುರಿನವರು ಎದ್ದು ಹೋಗಿ ಸಭೆ ಕೆಡಿಸಿಯಾರೆಂದು ಇಬ್ಬರಿಗೂ ದಿಗಿಲು. ಹಾಗಾಗಿ ಇಬ್ಬರೂ ಸೇರಿ ಒಂದು ನಿಯಮ ಹೊಸೆದರು: ಸಭೆ ಮುಗಿಯಿತೆಂದು ನಡೆಸುವವರು ಹೇಳುವ ಮೊದಲು ಯಾವ ಬಣದವರು ಬಿಟ್ಟು ಹೋದರೂ ಆ ಬಣದ ಏಳು ಕುರ್ಚಿಗಳೂ ಎದುರು ಬಣಕ್ಕೆ. ಬೋನು ಇಟ್ಟದ್ದು ಅವರಿಗೆ ಎಂದು ಇವರೂ, ಇವರಿಗೆ ಎಂದು ಅವರೂ ಒಳಗೊಳಗೇ ಹಿಗ್ಗಿದರು.

ಕಂಡಕ್ಟರಮ್ಮ ಒಪ್ಪಿಕೊಂಡದ್ದು ಊರು ಉದ್ಧಾರ ಮಾಡಲೆಂದಲ್ಲ. ಅವಳ ಅಕ್ಕ ಇದ್ದದ್ದು ಗೇಟಿನಾಚೆ, ಮೇಲ್ಪೇಟೆಯ ಕಡೇ ಸ್ಟಾಪಿನಲ್ಲಿ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ಮಾಡುವ ಆಸ್ಪತ್ರೆ ಗೇಟಿನ ಈಚೆ. ಬಸ್ಸಿದ್ದಾಗ ಹೀಗೆ ಹತ್ತಿ ಹಾಗೆ ಇಳಿಯುವಷ್ಟು ದಾರಿ. ಈಗ ಯಾರದೋ ಜೀಪಿನಲ್ಲಿ ಕುಲುಕಾಡಿಕೊಂಡು ಗುಡ್ಡ ಸುತ್ತಿ ಬರಬೇಕು. ಅಮ್ಮ ತೀರಿಕೊಂಡ ಮೇಲೆ ಇವಳ ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಕಳಿಸಿದ ಅಕ್ಕ. ಮೊದಲ ಸಭೆಯ ದಿನ ಬೆಳಿಗ್ಗೆ ಅವಳ ಫೋನ್ ಬಂತು.

"ಇವತ್ತು ಬರಲ್ಲ ಕಣೇ. ಇನ್ಮೇಲೂ ಬರಲ್ಲ. ಸಾಕಾಗಿದೆ."

"ಸುಮ್ನೆ ಬ್ಯಾಗ್ ರೆಡಿ ಮಾಡ್ಕೊಂಡು ಸ್ಟಾಪಿಗೆ ಬಾ, ಅಕ್ಕ."

"ಬಂದು? ಜೀಪಿನವನೂ ಆಗಲ್ಲ ಅಂದ."

"ನಮ್ಮ ಬಸ್ಸಲ್ಲಿ ಕರ್ಕೊಂಡು ಹೋಗ್ತೀನಿ."

ಅಕ್ಕ ಮೆಲ್ಲಗೆ ನಕ್ಕಳು. ಸಣ್ಣ ಮಗುವಿನ ಮಾತು ಕೇಳಿ ನಗುವ ನಗು. ಅಕ್ಕ ಸಾಯಲು ಸಿದ್ಧಳಾಗಿದ್ದಾಳೆ ಎಂದು ತಂಗಿಗೆ ಗೊತ್ತಾಯಿತು. ಅವಳಿಗೆ ಅಳು ಬರಲಿಲ್ಲ, ಕೆಟ್ಟ ಕೋಪ ಬಂತು.

ಸಭೆ ಕೆಳಪೇಟೆಯ ವಾಚನಾಲಯದ ಮಹಡಿಯಲ್ಲಿ. ಸದಸ್ಯರು ದಾಟಲೆಂದು ಅಂದು ಗೇಟಿನ ಪಕ್ಕದ ಕಿರುಬಾಗಿಲು ತೆರೆದಿತ್ತು. ಮಿಕ್ಕವರು ಅತ್ತ ಸುಳಿಯುವಂತಿರಲಿಲ್ಲ. ಯಾರ ಕಾರು ದೊಡ್ಡದು ಎಂಬ ಜಗಳ ಬೇಡವೆಂದು ಎಲ್ಲರನ್ನೂ ಗೇಟಿನಿಂದ ಅವಳ ಬಸ್ಸಿನಲ್ಲೇ ಕರೆತಂದಿದ್ದರು. ಅವಳು ಖಾಕಿಯಲ್ಲೇ ಬಂದು, ಶಿಳ್ಳೆಯನ್ನು ಕೊರಳಿಂದ ತೆಗೆಯದೆ, ಹದಿನೈದನೆಯ ಕುರ್ಚಿಯಲ್ಲಿ ಕುಳಿತಳು.

"ಗೇಟಿನ ವಿಷಯ ಬಹಳ ಸೂಕ್ಷ್ಮ," ಎಂದ ಕೆಳಪೇಟೆಯ ಮುಖಂಡ. ಅವನು ವಕೀಲ, ಸೊಳ್ಳೆ ಹೊಡೆಯುವುದಕ್ಕೂ ವಾಯಿದೆ ಕೇಳುವವನು. "ಒಂದು ಉಪಸಮಿತಿ ಮಾಡೋಣ."

"ಮಾಡೋಣ," ಎಂದ ಮೇಲ್ಪೇಟೆಯ ಮುಖಂಡ. ಗೇಟು ಹಾಕಿಸಿದ ಕಂಟ್ರಾಕ್ಟರ ಅವನೇ. "ಆ ಸಮಿತಿಗೂ ಒಂದು ಬೀಗ ಕೊಡೋಣ. ಮೂರಿದ್ರೆ ಇನ್ನೂ ಭದ್ರ."

ಹದಿನಾಲ್ಕು ಕೈಗಳೂ ಮೇಲೆದ್ದವು. ವೈರಿಗಳು ಮೊದಲ ಬಾರಿಗೆ ಒಂದಾದ ಸಂತೋಷದಲ್ಲಿ ಚಪ್ಪಾಳೆಯೂ ಬಿತ್ತು.

"ಮತ ಸಮ ಆಗಿಲ್ಲ, ನಿಮಗೆ ತೊಂದರೆ ಇಲ್ಲಮ್ಮ," ಎಂದು ವಕೀಲ ಹಲ್ಲು ಬಿಟ್ಟ. "ಸಭೆ ಮುಗೀತು ಅಂದ್ಬಿಡಿ, ಊಟಕ್ಕೆ ಏಳೋಣ."

"ಅನ್ನಲ್ಲ," ಎಂದಳು ಕಂಡಕ್ಟರಮ್ಮ.

ಅರ್ಧ ಎದ್ದಿದ್ದವರು ಅಲ್ಲೇ ನಿಂತರು.

"ಮುಗೀತು ಅಂತ ನಾನು ಅನ್ನಲ್ಲ. ಹೋಗೋರು ಧಾರಾಳವಾಗಿ ಹೋಗಿ."

ಕಂಟ್ರಾಕ್ಟರ ವಕೀಲನ ಕಾಲು ನೋಡಿದ, ವಕೀಲ ಕಂಟ್ರಾಕ್ಟರನ ಕಾಲು ನೋಡಿದ. ಇಬ್ಬರೂ ಮೆಲ್ಲಗೆ ಕುಳಿತರು.

"ನನ್ನ ಅಕ್ಕ ಆ ಕಡೆ ಇದ್ದಾಳೆ," ಎಂದಳು ಅವಳು. "ಇವತ್ತು ಆಸ್ಪತ್ರೆಗೆ ಬರದೇ ಇದ್ರೆ ಅವಳು ಉಳಿಯಲ್ಲ. ನಿಮಗೆ ದಾಟೋಕೆ ಬಾಗಿಲಿದೆ, ಅವಳಿಗಿಲ್ಲ. ನೀವು ಚಪ್ಪಾಳೆ ಹೊಡೀತಿದ್ದೀರಿ. ನಾಚಿಕೆ ಆಗಲ್ವಾ?"

ಅವಳು ಎದ್ದಳು. "ಇಲ್ಲಿ ಸೆಕೆ. ಸಭೆ ಬಸ್ಸಲ್ಲಿ ಮುಂದುವರಿಯುತ್ತೆ. ಹತ್ತದವರು ಬಿಟ್ಟು ಹೋದ ಲೆಕ್ಕ."

"ಹಾಗಂತ ಎಲ್ಲಿದೆ?" ಎಂದು ವಕೀಲ ಕೂಗಿದ.

"ಸಭೆ ಎಲ್ಲಿ ನಡೀಬೇಕು ಅಂತಾನೂ ಎಲ್ಲೂ ಇಲ್ಲ, ವಕೀಲರೇ. ಒಬ್ಬರನ್ನೊಬ್ಬರು ಕಟ್ಟಿಹಾಕೋ ಭರದಲ್ಲಿ ಅದನ್ನ ಮರೆತಿದ್ದೀರಿ."

ಮೆಟ್ಟಿಲಿಳಿದು ಹೊರಟವಳು ಹಿಂತಿರುಗಿಯೂ ನೋಡಲಿಲ್ಲ. ಹಿಂದೆ ಮೊದಲು ಗೊಣಗಾಟ, ಆಮೇಲೆ ದಡಬಡ ಕಾಲ ಸದ್ದು. ಎದುರಿನವರು ಹತ್ತಿ ತಾವು ಉಳಿದುಬಿಟ್ಟರೆ ಗತಿಯೇನೆಂದು ಹದಿನಾಲ್ಕು ಜನರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಸ್ಸು ಹತ್ತಿದರು. ಯಾವತ್ತೂ ತುಟಿ ಬಿಚ್ಚದ ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ನೋಡಿ, "ಎಲ್ಲಿಗೆ?" ಎಂದ.

"ಕಡೇ ಸ್ಟಾಪಿಗೆ."

ಬಸ್ಸು ಗೇಟಿನ ಮುಂದೆ ನಿಂತಿತು. ಕೀಲಿ ಹಿಡಿದ ಎರಡೂ ಬಣದ ಕಾವಲು ಹುಡುಗರು ತಂತಮ್ಮ ನಾಯಕರನ್ನು ಒಂದೇ ಬಸ್ಸಿನಲ್ಲಿ ಕಂಡು ಬಾಯಿ ಬಿಟ್ಟುಕೊಂಡರು. ಗೇಟಿನ ಎರಡೂ ಬದಿಗೆ ಜನ ಸೇರತೊಡಗಿದರು.

"ಮಂಡಳಿಗೆ ಒಂದು ಪ್ರಶ್ನೆ," ಎಂದಳು ಕಂಡಕ್ಟರಮ್ಮ. "ಯಾರ ಬೀಗ ಮೊದಲು ತೆಗೀಬೇಕು?"

"ಅವರದು!" ಎಂದರು ಏಳು ಜನ.

"ಅವರದು!" ಎಂದರು ಇನ್ನೇಳು ಜನ.

ವಕೀಲನಿಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. "ಸಮಸಮ ಬಂತಲ್ಲ," ಎಂದಳು ಅವಳು. "ಇನ್ನು ನಾನು ಹೇಳಿದ್ದೇ ತೀರ್ಮಾನ. ಎರಡೂ ಬೀಗ ಒಟ್ಟಿಗೆ, ಈಗಲೇ."

ಯಾರೂ ಕದಲಲಿಲ್ಲ. ಅವಳು ಬಾಗಿಲ ಮೆಟ್ಟಿಲ ಮೇಲೆ ಅಡ್ಡಲಾಗಿ ಕುಳಿತಳು. ಬಿಸಿಲಿಗೆ ಬಸ್ಸಿನ ತಗಡು ಕಾಯತೊಡಗಿತು. ಅಕ್ಕನ ಹೊತ್ತು ಮೀರುತ್ತಿತ್ತು. ಆದರೂ ಅವಳು ಮುಖ ಕಲ್ಲು ಮಾಡಿಕೊಂಡು ಕೂತಳು. ಗೇಟಿನಾಚೆಯಿಂದ ಯಾರೋ ಹೆಂಗಸು ಕೂಗಿದಳು, "ತೆಗೀರಪ್ಪ, ನನ್ನ ಮಗಳು ಆ ಕಡೆ ಇದ್ದಾಳೆ!" ಈಚೆಯಿಂದ ಒಬ್ಬ ಮುದುಕ, "ನನ್ನ ತಮ್ಮ!" ಎಂದ. ಆಮೇಲೆ ಎರಡೂ ಕಡೆಯಿಂದ ಕೂಗು ಏರುತ್ತಲೇ ಹೋಯಿತು. ಅವರೆಲ್ಲ ಮತದಾರರು ಎಂಬುದು ಇಬ್ಬರು ಮುಖಂಡರಿಗೂ ಒಟ್ಟಿಗೇ ನೆನಪಾಯಿತು.

ಸಕ್ಕರೆ ಕಾಯಿಲೆಯ ಕಂಟ್ರಾಕ್ಟರನಿಗೆ ಬೇರೊಂದು ಅವಸರವೂ ಇತ್ತು. ಕಿಟಕಿಯಿಂದ ತಲೆ ಹಾಕಿ, "ತೆಗೀರೋ ಬೇಗ!" ಎಂದ.

"ನಮ್ಮದು ಅವರಿಗಿಂತ ಮೊದಲು ತೆಗೀರೋ!" ಎಂದು ವಕೀಲ ಗಂಟಲು ಹರಿದುಕೊಂಡ.

ಗೇಟು ಕಿರುಗುಟ್ಟುತ್ತ ತೆರೆದುಕೊಂಡಿತು. ಕಂಡಕ್ಟರಮ್ಮ ಎದ್ದು ಶಿಳ್ಳೆ ಊದಿದಳು. "ರೈಟ್!"

ಕಡೇ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಅಕ್ಕ ಕುಳಿತಿದ್ದಳು. ಮುಖ ಊದಿಕೊಂಡಿತ್ತು, ಮಡಿಲಲ್ಲಿ ಆಸ್ಪತ್ರೆಯ ಬ್ಯಾಗಿತ್ತು. ಬರುವುದಿಲ್ಲ ಎಂದವಳು ಬಂದು ಕಾಯುತ್ತಿದ್ದಳು. ತಂಗಿ ಅವಳ ತೋಳು ಹಿಡಿದು ಹತ್ತಿಸಿದಳು. ಮುಂದಿನ ಸೀಟಿನಲ್ಲಿ ವಕೀಲನೂ ಕಂಟ್ರಾಕ್ಟರನೂ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದರು.

"ಏಳ್ರೀ. ಅದು ಲೇಡೀಸ್ ಸೀಟು."

ಅವನು ಮೊದಲು ಏಳಲೆಂದು ಇವನು, ಇವನು ಏಳಲೆಂದು ಅವನು. ಕೊನೆಗೆ ಒಬ್ಬರ ಮೊಣಕಾಲನ್ನು ಇನ್ನೊಬ್ಬರು ನೋಡಿಕೊಳ್ಳುತ್ತ ಇಬ್ಬರೂ ಒಟ್ಟಿಗೆ ಎದ್ದರು. ಅಕ್ಕ ಕುಳಿತು ಸುತ್ತ ನೋಡಿದಳು.

"ಇವರೆಲ್ಲ ಯಾರೇ?"

"ಅಧಿಕಾರ ಹಂಚ್ಕೊಂಡವರು ಅಕ್ಕ. ನಿನ್ನನ್ನ ಆಸ್ಪತ್ರೆಗೆ ಬಿಡೋಕೆ ಬಂದಿದ್ದಾರೆ."

ಕಂಟ್ರಾಕ್ಟರ ಸರಳು ಹಿಡಿದು ತೂಗಾಡುತ್ತ ಅಂಗಲಾಚಿದ. "ನಿನ್ನ ಕೆಲಸ ಆಯ್ತಲ್ಲಮ್ಮ. ಈಗಾದ್ರೂ ಸಭೆ ಮುಗೀತು ಅನ್ನು."

"ಒಂದಕ್ಕೆ ಹೋಗಿ ಬರಬೇಕಾದೋರು ಇಳಿದು ಹೋಗ್ಬನ್ನಿ, ಬಣಕ್ಕೊಬ್ಬರಂತೆ ಜೊತೆಯಾಗಿ. ಅದಕ್ಕೆ ಅನುಮತಿ ಇದೆ," ಎಂದಳು ಅವಳು. "ಮುಗಿಯೋ ಮಾತು ಮಾತ್ರ ಎತ್ತಬೇಡಿ. ಅಕ್ಕನ ಡಯಾಲಿಸಿಸ್ ಆಗ್ಬೇಕು, ಮನೆಗೆ ಬಿಡ್ಬೇಕು, ನಾಳೆ ಮೊದಲನೇ ಟ್ರಿಪ್ಪು ಹೋಗ್ಬೇಕು. ಆ ಗೇಟನ್ನ ಕೀಳಿಸಿ ಗುಜರಿಗೆ ಹಾಕಿಸಿ, ಆಮೇಲೆ ನೋಡೋಣ."

ಅಕ್ಕ ಅವಳ ಖಾಕಿ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಈ ಸಲ ನಗಲಿಲ್ಲ. ಕಂಟ್ರಾಕ್ಟರ ಒಬ್ಬ ಕೆಳಪೇಟೆಯವನನ್ನು ಜೊತೆಗೆ ಕರೆದುಕೊಂಡು ಪೊದೆಯ ಮರೆಗೆ ಓಡಿಹೋಗಿ ಬರುವ ತನಕ ಕಾದು, ತಂಗಿ ಶಿಳ್ಳೆಯನ್ನು ತುಟಿಗಿಟ್ಟಳು.