ಎಂಟನೇ ಸಾಲಿನಿಂದ ಹನ್ನೆರಡರವರೆಗೆ

‘ಎಂಟರಿಂದ ಹನ್ನೆರಡನೇ ಸಾಲಿನವರೆಗೆ ಅಕ್ಷರಗಳು ಸವೆದಿವೆ’ ಎಂದು ಪುಸ್ತಕದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ಐದು ಸಾಲು ಬರೀ ಚುಕ್ಕಿ. ಕೊಟ್ರಬಸಪ್ಪ ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಚುಕ್ಕಿ ಚುಕ್ಕಿಯಾಗಿಯೇ ಇದ್ದವು.

ಸುಳ್ಳು. ಹಸಿ ಹಸಿ ಸುಳ್ಳು. ಆ ಕಲ್ಲನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದವನು ಅವನು. ಒದ್ದೆ ಹಾಳೆ ಹಾಸಿ, ಕೂದಲಿನ ಬ್ರಷ್‌ನಿಂದ ತಟ್ಟಿ ತಟ್ಟಿ ಅಕ್ಷರದ ಹೊಟ್ಟೆಯೊಳಗೆ ಕಾಗದ ಇಳಿಸಿದವನು ಅವನು. ಮೇಲೆ ಮಸಿ ಒತ್ತಿ, ಒಣಗಿದ ಮೇಲೆ ಎತ್ತಿದಾಗ ಕರಿಯ ಹಾಳೆಯ ಮೇಲೆ ಹದಿನಾಲ್ಕು ಸಾಲೂ ಬೆಳ್ಳಗೆ ಎದ್ದು ಕಂಡಿದ್ದವು. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಹರಪನಹಳ್ಳಿಯ ಕಾಲೇಜೊಂದರಲ್ಲಿ ಜವಾನನಾಗಿದ್ದ ಕೊಟ್ರಬಸಪ್ಪನಿಗೆ ಈ ವಿದ್ಯೆ ಹತ್ತಿಸಿದವರು ಅಲ್ಲಿಯ ಇತಿಹಾಸದ ಮೇಷ್ಟ್ರು ಪಾಲಾಕ್ಷಪ್ಪ. ಮೂವತ್ತು ವರ್ಷ ಭಾನುವಾರ ಬಂದರೆ ಸಾಕು, ಬಾಗಳಿಯೋ ಕೊಟ್ಟೂರೋ ಹಡಗಲಿಯೋ, ಮೇಷ್ಟ್ರ ಸ್ಕೂಟರಿನ ಹಿಂದೆ ಬಕೀಟು ಹಿಡಿದು ಕೂತವನು ಇವನೇ. ಬರೀ ತಟ್ಟುತ್ತಾ ತಟ್ಟುತ್ತಾ ಹಳಗನ್ನಡದ ಅಕ್ಷರ ಓದುವುದನ್ನೂ ಕಲಿತುಬಿಟ್ಟಿದ್ದ. ಇಬ್ಬರೂ ನಿವೃತ್ತರಾದ ಮೇಲೂ ಭಾನುವಾರ ತಪ್ಪಿರಲಿಲ್ಲ.

ಈ ಕಲ್ಲು ಬೇರೆ. ಇದು ಅವನು ಹುಟ್ಟಿದ ಕೆಂಚಿಕೆರೆಯ ಕಲ್ಲು. ಊರಿನ ದೊಡ್ಡ ಜಮೀನುದಾರ ಗಂಗಾಧರನ ಮೆಕ್ಕೆಜೋಳದ ಕಣದ ಮೂಲೆಯಲ್ಲಿ ನಿಂತಿತ್ತು. ಕೆರೆಯ ಏರಿ ಒಡೆಯುವಂತಾದಾಗ ಮಾರ ಎಂಬವನು ತೂಬಿಗಿಳಿದು, ಅದನ್ನು ಮುಚ್ಚಿ, ಅಲ್ಲೇ ಸತ್ತ. ಅವನ ಮಕ್ಕಳಿಗೆ ಊರವರು ಎರಡು ಮತ್ತರು ಭೂಮಿ ಬಿಟ್ಟರು. ಮೂಡಲಿಗೆ ಹಳ್ಳ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ಗುಡ್ಡ. ಇದೇ ಆ ಐದು ಸಾಲು. ಮಾರನ ಹೆಸರಿನ ಹಿಂದೆ ಕೊಟ್ರಬಸಪ್ಪನ ಕೇರಿಯ ಜಾತಿಯ ಹೆಸರಿತ್ತು. ಇವತ್ತು ಬೈಗುಳವಾಗಿ ಬರುವ ಆ ಹೆಸರು ಅಲ್ಲಿ ಬೈಗುಳವಾಗಿರಲಿಲ್ಲ. ಅದರ ಪಕ್ಕದಲ್ಲೇ ‘ವೀರ’ ಎಂದಿತ್ತು. ಒಂಬೈನೂರು ವರ್ಷದ ಹಿಂದಿನ ಮಾತು.

ಅದನ್ನು ಓದಿದ ದಿನ ಅವನು ಅತ್ತಿದ್ದ. ಏಕೆಂದರೆ ಕೆಂಚಿಕೆರೆಯ ಕೇರಿಯವರು ಹೆಣ ಹೂಳಲು ಜಾಗ ಕೇಳಿದಾಗಲೆಲ್ಲ ಗಂಗಾಧರ ಪಂಚಾಯ್ತಿಯಲ್ಲಿ ಒಂದೇ ಮಾತು ಒಗೆಯುತ್ತಿದ್ದ: “ನೀವು ಬರಗಾಲದಾಗ ಗಂಜಿ ಹುಡಿಕ್ಯಂಡು ಬಂದ ಜನ. ಇರಾಕ ಬಿಟ್ಟೀವಲ್ಲ, ಅದ ದೊಡ್ಡದು.” ಕೇರಿಯ ಮುದುಕರೂ ಅದು ನಿಜವಿದ್ದರೂ ಇರಬಹುದು ಎಂದು ತಲೆ ತಗ್ಗಿಸುತ್ತಿದ್ದರು. ಹರಪನಹಳ್ಳಿ ಸೀಮೆಯ ಇತಿಹಾಸ, ಭೂಗೋಳ ಎರಡನ್ನೂ ತುಂಬಿಕೊಂಡ ಮೇಷ್ಟ್ರ ದಪ್ಪ ಪುಸ್ತಕ ಬಂದರೆ ಆ ತಲೆಗಳು ಮೇಲೇಳುತ್ತವೆ ಎಂದು ಕೊಟ್ರಬಸಪ್ಪ ಎರಡು ವರ್ಷ ಕಾದಿದ್ದ. ಈಗ ಪುಸ್ತಕ ಬಂದಿದೆ. ಪಾಳೇಗಾರರ ಕೋಟೆಗೆ ಎಂಬತ್ತು ಪುಟ. ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ಅಲ್ಲಿಂದ ವಿಜಯನಗರಕ್ಕೆ ಸೇರಿದ್ದಕ್ಕೆ ನಾಲ್ಕು ನಕ್ಷೆ. ಇದ್ದಲ್ಲೇ ಇದ್ದ ಕಲ್ಲಿಗೆ ಐದು ಸಾಲಿನ ಜಾಗವಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೇರವಾಗಿ ಮೇಷ್ಟ್ರ ಮನೆಗೆ ಹೋದ.

“ಸರ್, ಅಕ್ಷರ ಸವೆದಾವು ಅಂತ ಬರ್ದೀರಲ್ಲ, ಯಾವ ಕಣ್ಣಿಲೆ ನೋಡಿದ್ರಿ?”

ಪಾಲಾಕ್ಷಪ್ಪ ಬಾಗಿಲು ಮುಂದೆ ಮಾಡಿ ಬಂದು ಕೂತರು. “ಮೆಲ್ಲಕ ಮಾತಾಡಪ್ಪ. ಆ ಕಣ ಯಾರದು ನಿನಗ ಗೊತ್ತೈತಿ. ಪುಸ್ತಕದ ಅಚ್ಚಿನ ಖರ್ಚು ಹೊತ್ತಾತನೂ ಅವನ. ಇತಿಹಾಸ ಬರಿಯೋನು ಊರಾಗ ಬೆಂಕಿ ಹಚ್ಚಬಾರದು, ಕೊಟ್ರಬಸಪ್ಪ.”

“ನಾವೇನ್ ಹೊಲ ಕೇಳೀವೇನ್ರಿ? ಸತ್ತಾತನ ಹೆಸರು ಕೇಳಾಕತ್ತೀವಿ.”

“ಹೆಸರು ಬಂದ್ರೆ ಹಿಂದ ಹೊಲಾನೂ ಬರ್ತೈತಿ. ಹಳ್ಳ ಅಲ್ಲೇ ಐತಿ, ಗುಡ್ಡ ಅಲ್ಲೇ ಐತಿ.”

“ನಾ ಎತ್ತಿದ ಪಡಿಯಚ್ಚು ಕೊಡ್ರಿ ಹಂಗಾರೆ.”

“ಅದನ್ನ ಗಂಗಾಧರ ಇಸ್ಕಂಡು ಹೋದ. ಪುಸ್ತಕದ ಕೆಲಸ ಮುಗೀತಲ್ಲ ಅಂದ.”

ಕೊಟ್ರಬಸಪ್ಪ ಎದ್ದು ನಿಂತ. “ಹೋದ್ರೆ ಹೋಗ್ಲಿ ಬಿಡ್ರಿ. ಕಲ್ಲು ಎಲ್ಲಿಗೂ ಹೋಗಿಲ್ಲ. ಈ ಭಾನುವಾರ ಹೋಗಿ ಇನ್ನೊಂದು ಎತ್ತಿಕ್ಯಂಡು ಬರ್ತೀನಿ.”

ಮೂವತ್ತು ವರ್ಷದಲ್ಲಿ ಅವನು ಮೇಷ್ಟ್ರಿಗೆ ಹೇಳದೆ ಒಂದು ಕಲ್ಲನ್ನೂ ಮುಟ್ಟಿದವನಲ್ಲ. ಯಾವ ಊರು, ಯಾವ ವಾರ, ಎಲ್ಲವನ್ನೂ ಮೊದಲೇ ಒಪ್ಪಿಸಿ ಹೋಗುವುದು ರೂಢಿ. ಜಗಳಕ್ಕೆ ಹೋದ ದಿನವೂ ಆ ರೂಢಿ ಬಿಡಲಿಲ್ಲ. ನಿಯತ್ತು ಎನ್ನುವುದು ಬಡವನಿಗೆ ಹಿಡಿಯುವ ಒಂದು ರೋಗ, ಹಿಡಿದರೆ ವಾಸಿಯಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಮಗಳು ಕ್ರಾಂತಿ ಹಡಗಲಿಯಿಂದ ಬಂದಳು. ಅಲ್ಲಿ ಹುಡುಗಿಯರ ಹಾಸ್ಟೆಲಿನಲ್ಲಿ ಅವಳು ವಾರ್ಡನ್. ಅಪ್ಪ ಮಗಳು ಬಕೀಟು, ಹಾಳೆ, ಬ್ರಷ್ ಹಿಡಿದು ಕೆಂಚಿಕೆರೆಯ ಬಸ್ಸು ಇಳಿದರು. ಕಣದ ಬೇಲಿ ತೆರೆದೇ ಇತ್ತು. ಕಲ್ಲೂ ಇತ್ತು. ಏಳನೇ ಸಾಲಿನವರೆಗೆ ಹಾಗೇ ಇತ್ತು. ಆಮೇಲೆ ಐದು ಸಾಲು ಉಳಿ ಪೆಟ್ಟು. ಮತ್ತೆ ಕೊನೆಯ ಎರಡು ಸಾಲು ಹಾಗೇ. ಬುಡದಲ್ಲಿ ಕಲ್ಲಿನ ಪುಡಿ ರಂಗೋಲಿ ಹಿಟ್ಟಿನಷ್ಟು ಬೆಳ್ಳಗೆ ಬಿದ್ದಿತ್ತು. ಗಾಳಿಗೆ ಹಾರುವಷ್ಟೂ ಹಳೆಯದಾಗಿರಲಿಲ್ಲ.

ಗಂಗಾಧರ ಹಲ್ಲು ಕಿರಿಯುತ್ತಾ ಬಂದ. “ಬರ್ರಿ ಬರ್ರಿ. ಮಳಿಗೆ ಬಾಳ ಸವೆದೈತಿ ನೋಡ್ರಿ ಕಲ್ಲು.”

“ಮಳಿ ಐದೇ ಸಾಲು ಓದ್ಕಂಡು ಸವೆಸೈತೇನ್ರಿ?” ಎಂದಳು ಕ್ರಾಂತಿ.

“ಪುಸ್ತಕದಾಗೂ ಹಂಗ ಐತಲ್ಲವಾ. ನಾವು ಓದದವ್ರು, ದೊಡ್ಡೋರು ಬರೆದದ್ದು ನಂಬ್ತೀವಿ,” ಎಂದು ಹೇಳಿ ಹೋದ.

ಕೊಟ್ರಬಸಪ್ಪ ಕುಕ್ಕರಗಾಲಲ್ಲಿ ಕೂತುಬಿಟ್ಟ. ಒಂಬೈನೂರು ಮಳೆಗಾಲ ಕಂಡ ಕಲ್ಲು. ಮಾರ ಒಮ್ಮೆ ತೂಬಿನಲ್ಲಿ ಸತ್ತಿದ್ದ. ಎರಡನೇ ಸಲ ಅವನನ್ನು ಕೊಂದದ್ದು ತನ್ನ ಬಾಯಿ. ದಿನ ಹೇಳಿ ಬಂದವನು ತಾನಲ್ಲದೆ ಇನ್ಯಾರು?

“ನೀ ಮೊದಲ ಸಲ ಅಚ್ಚು ಎತ್ತಿದಾಗ ನಾ ಒಂದು ಫೋಟೋ ಹೊಡ್ಕಂತೀನಿ ಅಂದಿದ್ದೆ,” ಎಂದಳು ಕ್ರಾಂತಿ. “ಸರ್ ಪುಸ್ತಕ ಬರೋಕಿಂತ ಮುಂಚೆ ಬ್ಯಾಡ, ಉಂಡ ಮನಿಗೆ ಎರಡು ಬಗೀಬಾರದು ಅಂದಿ. ನೀ ಉಂಡಿದ್ದು ಮನ್ಯಾಗಲ್ಲಪ್ಪ, ಜಗಲಿ ಮ್ಯಾಲೆ.”

ಅವನು ಎದ್ದು ಬಕೀಟಿಗೆ ಹಾಳೆ ಅದ್ದಿದ. “ಏನು ಎತ್ತತಿ ಇನ್ನ? ಏನೈತಿ ಅದರಾಗ?” ಎಂದು ಮಗಳು ಕೇಳಿದರೂ ನಿಲ್ಲಿಸಲಿಲ್ಲ. ಹದಿನಾಲ್ಕು ಸಾಲಿನ ಮೇಲೂ ಹಾಳೆ ಹಾಸಿ ತಟ್ಟಿದ, ಮಸಿ ಒತ್ತಿದ. ಕೆಲಸ ಕೆಡಲಿಲ್ಲ. ಮಾಡಿದ ಪಾಪ ಒಂದೊಂದು ಪೆಟ್ಟೂ ಬಿಡದೆ ಕಾಣಬೇಕು ಎಂಬ ಹಟ. ಕ್ರಾಂತಿ ಈ ಸಲ ಕೇಳದೆಯೇ ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದುಕೊಂಡಳು.

ಸಂಜೆ ಮೇಷ್ಟ್ರ ಮೇಜಿನ ಮೇಲೆ ಆ ಹಾಳೆ ಬಿಚ್ಚಿದ. “ನೋಡ್ರಿ ಸರ್. ಸವೆದ ಕಲ್ಲು ಹೆಂಗಿರ್ತೈತಿ, ಉಳಿ ತಿಂದ ಕಲ್ಲು ಹೆಂಗಿರ್ತೈತಿ, ನಿಮಗ ಗೊತ್ತಿದ್ದಷ್ಟು ಈ ಸೀಮ್ಯಾಗ ಯಾರಿಗೂ ಗೊತ್ತಿಲ್ಲ. ಇಟ್ಕಳ್ರಿ. ದಿನಾ ನೋಡ್ಕೆಂತ ಉಣ್ರಿ.”

ಪಾಲಾಕ್ಷಪ್ಪ ತಲೆ ಎತ್ತಲಿಲ್ಲ. ಬೆರಳಿನಿಂದ ಹಾಳೆಯ ಅಂಚು ಸವರುತ್ತಾ ಕೂತಿದ್ದರು. ಮೆಟ್ಟಿಲಿಳಿಯುವಾಗ ಕೊಟ್ರಬಸಪ್ಪನಿಗೆ ಮೂವತ್ತು ವರ್ಷದಲ್ಲಿ ಮೊದಲ ಸಲ ತಾನು ಗೆದ್ದೆ ಅನ್ನಿಸಿತು.

ಕ್ರಾಂತಿ ಪತ್ರಿಕೆಯೊಂದಕ್ಕೆ ಫೋಟೋ ಸಮೇತ ಪತ್ರ ಬರೆದಳು. ಪತ್ರ ಮೂಲೆಯಲ್ಲಿ ಬಂತು, ಫೋಟೋ ಬರಲಿಲ್ಲ. ಆದರೂ ಅಷ್ಟಕ್ಕೇ ಊರಲ್ಲಿ ಗುಸುಗುಸು ಎದ್ದಿತು. ಆ ಸಾಲುಗಳನ್ನು ಬೇಕೆಂದೇ ಬಿಟ್ಟಿದ್ದಾರಂತೆ ಎಂದು ಇಬ್ಬರು ಮೂವರು ಮೇಷ್ಟ್ರನ್ನು ನೇರವಾಗಿಯೇ ಕೇಳಿದರಂತೆ. ಮೇಷ್ಟ್ರು ಪುಸ್ತಕದ ಎರಡನೇ ಮುದ್ರಣ ಬರಲಿ ಎಂದರಂತೆ.

ಅದು ನಾಲ್ಕು ತಿಂಗಳಿಗೆ ಬಂತು. ಮೇಷ್ಟ್ರೇ ಒಂದು ಪ್ರತಿಗೆ ಸಹಿ ಹಾಕಿ ಕೊಟ್ರಬಸಪ್ಪನ ಮನೆಗೆ ಕಳಿಸಿದ್ದರು. ಕೆಂಚಿಕೆರೆಯ ಪುಟ ತೆಗೆದ. ಐದು ಸಾಲು ಚುಕ್ಕಿ ಹಾಗೇ ಇದ್ದವು. ಎದುರಿನ ಪುಟದ ತುಂಬ ಅವನೇ ಎತ್ತಿಕೊಟ್ಟ ಪಡಿಯಚ್ಚಿನ ಚಿತ್ರವಿತ್ತು. ಅಚ್ಚಿನ ಕಪ್ಪು ಬಿಳುಪಿನಲ್ಲಿ ಉಳಿಯ ಪೆಟ್ಟೂ ಒಂದೇ, ಒಂಬೈನೂರು ವರ್ಷದ ಮಳೆಯೂ ಒಂದೇ. ಯಾರು ನೋಡಿದರೂ ಸವೆದ ಕಲ್ಲೆಂದೇ ಹೇಳಬೇಕು. ಚಿತ್ರದ ಕೆಳಗೆ ಹೀಗೆ ಬರೆದಿತ್ತು: ‘ಅಕ್ಷರಗಳು ಪೂರ್ತಿ ಸವೆದಿರುವುದಕ್ಕೆ ಸಾಕ್ಷಿ. ಪಡಿಯಚ್ಚು ತೆಗೆದವರು: ಅದೇ ಗ್ರಾಮದ ಶ್ರೀ ಕೊಟ್ರಬಸಪ್ಪ.’

ಮೇಷ್ಟ್ರು ಅದುವರೆಗೆ ಹನ್ನೊಂದು ಪುಸ್ತಕ ಬರೆದಿದ್ದರು. ಅವನ ಹೆಸರು ಅಚ್ಚಾಗಿದ್ದು ಅದೇ ಮೊದಲು.