ಪೆಡಲ್‌ನ ಎರಡು ವೈರು

ಭಾವ, ಭಾವಮೈದ ಇಬ್ಬರೂ ಕೆಲಸಕ್ಕಿದ್ದ ಪೈಪ್ ಶೆಡ್ಡಿನಲ್ಲಿ ಭಾವನನ್ನು ಎಲ್ಲರೂ 'ನಿಧಾನಿ' ಎಂದೇ ಕರೆಯುತ್ತಿದ್ದರು. ಇವರು ತಾಳಿ ಕಟ್ಟುವಷ್ಟರಲ್ಲಿ ಹೆಣ್ಣಿನ ತಲೆ ನರೆತಿತ್ತಂತೆ ಎಂದು ತಮಾಷೆ ಮಾಡಿದರೆ, ಭಾವ ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದರು. "ಎಣಿಸ್ಕೊಳ್ರೋ, ಹತ್ತೂ ಇದಾವೆ."

ಪೈಪನ್ನು ಕಚ್ಚಿ ಹಿಡಿದು ಗರಗರ ತಿರುಗಿಸುತ್ತ ತುದಿಗೆ ತಿರುಪಿನ ಗೀರು, ಅಂದರೆ ಥ್ರೆಡ್, ಕೊರೆಯುವ ಮಷೀನ್ ಅವರದು. ನೆಲದ ಮೇಲಿನ ಪೆಡಲ್ ತುಳಿದಿರುವಷ್ಟು ಹೊತ್ತು ಮಾತ್ರ ಅದು ತಿರುಗಬೇಕು, ಕಾಲೆತ್ತಿದರೆ ನಿಲ್ಲಬೇಕು. ಆ ಪೆಡಲ್ ಕೆಟ್ಟಿತ್ತು. ಅರ್ಧ ಥ್ರೆಡ್ಡಿಗೇ ಮಷೀನ್ ನಿಂತು ಪೈಪ್ ಹಾಳಾಗುತ್ತಿತ್ತು. ಹೊಸದು ಬರುವ ತನಕ ಮುಟ್ಟುವುದಿಲ್ಲ ಎಂದು ಭಾವ ಕೂತುಬಿಟ್ಟರು. ಮೇಸ್ತ್ರಿ ಹಲ್ಲು ಕಡಿಯುತ್ತ ಓಡಾಡಿದ.

ಮೂರನೆಯ ದಿನ ಬೆಳಿಗ್ಗೆ ಭಾವ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಮೇಸ್ತ್ರಿ ಅವರ ಭಾವಮೈದನನ್ನು ಕರೆದ. "ಇವತ್ತೊಂದಿನ ಏನಾದ್ರೂ ಮಾಡಪ್ಪ." ಭಾವಮೈದ ಪೆಡಲ್ ಬಿಚ್ಚಿ, ಒಳಗಿನ ಎರಡು ವೈರುಗಳನ್ನು ಹೊಸೆದು ಟೇಪ್ ಸುತ್ತಿದ. ಇನ್ನು ಮಷೀನ್ ನಿಲ್ಲಬೇಕಾದರೆ ಗೋಡೆಯ ಸ್ವಿಚ್ಚನ್ನೇ ಆರಿಸಬೇಕಿತ್ತು.

ಮಧ್ಯಾಹ್ನ ಬಂದ ಭಾವನಿಗೆ ಒಂದೇ ನೋಟಕ್ಕೆ ತಿಳಿಯಿತು.

"ಯಾರು ಮಾಡಿದ್ದು?"

"ನಾನೇ ಭಾವ. ಇವತ್ತೊಂದಿನ..."

ಭಾವ ಸ್ವಿಚ್ ಆರಿಸಿದರು. ಮೇಸ್ತ್ರಿ ದನಿ ಏರಿಸಲಿಲ್ಲ. "ಸರಿ. ನಾಳೆಯಿಂದ ಇಬ್ಬರೂ ಬರೋದು ಬೇಡ."

'ಇಬ್ಬರೂ' ಎಂದದ್ದಕ್ಕೆ ಭಾವ ಸ್ವಿಚ್ಚಿನ ಮೇಲಿಂದ ಕೈ ತೆಗೆದರು. ಆಮೇಲೆ ಕೈಗವಸು ಬಿಚ್ಚಿಟ್ಟಿದ್ದಾನೆಯೇ ಎಂದು ಭಾವಮೈದನ ಕೈ ನೋಡಿ, ಅವನನ್ನು ಪಕ್ಕಕ್ಕೆ ಸರಿಸಿದರು. "ನೀನು ಆತುರಗಾರ. ಸ್ವಿಚ್ ಹತ್ರ ನಿಂತ್ಕೋ, ನಾನೇ ಮಾಡ್ತೀನಿ." ಆಸ್ಪತ್ರೆಗೆಂದು ತೊಟ್ಟಿದ್ದ ಉದ್ದ ತೋಳಿನ ಅಂಗಿಯನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡರು.

ಹನ್ನೊಂದು ಪೈಪ್ ಆಯಿತು. ಹನ್ನೆರಡನೆಯದು ತಿರುಗುತ್ತಿರುವಾಗಲೇ, ಮುಂದಿನದನ್ನು ಹೊತ್ತು ತಾ ಎಂದು ಮೇಸ್ತ್ರಿ ಕೂಗಿದಾಗ ಭಾವಮೈದ ಸ್ವಿಚ್ ಬಿಟ್ಟು ಹೋದ. ಅಷ್ಟರಲ್ಲಿ ತಿರುಗುತ್ತಿದ್ದ ಪೈಪಿನ ಇನ್ನೊಂದು ತುದಿ ಸ್ಟ್ಯಾಂಡಿನಿಂದ ಜಾರಿತು. ಭಾವ ಕೈಚಾಚಿದರು. ಮಡಿಕೆ ಬಿಚ್ಚಿ ಇಳಿದಿದ್ದ ಅಂಗಿಯ ತೋಳನ್ನು ಪೈಪ್ ಸುತ್ತಿಕೊಂಡಿತು. ಭಾವಮೈದ ತಿರುಗಿ ನೋಡಿದಾಗ ಕಂಡದ್ದು ಅವರ ಕಾಲು. ಇಪ್ಪತ್ತು ವರ್ಷದ ಅಭ್ಯಾಸ, ಅದು ಪೆಡಲ್‌ನಿಂದ ತಕ್ಷಣ ಮೇಲೆದ್ದಿತ್ತು. ಮಷೀನ್ ನಿಲ್ಲಲಿಲ್ಲ.

ಅವನು ಪೈಪ್ ಎಸೆದು ಓಡಿ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯಲ್ಲಿ ಬಲಗೈಯನ್ನು ಭುಜದ ಹತ್ತಿರ ತೆಗೆದರು.

ವಿಚಾರಣೆಯ ಅಧಿಕಾರಿ ಬರುವ ಹೊತ್ತಿಗೆ ಹೊಸ ಪೆಡಲ್ ಕೂತಿತ್ತು. ಅಧಿಕಾರಿ ಅದನ್ನು ತುಳಿದು ನೋಡಿದರು, ಬಿಟ್ಟು ನೋಡಿದರು. ಭಾವಮೈದ ನಡೆದದ್ದನ್ನೆಲ್ಲ ಹೇಳಿದ.

"ವೈರ್ ಸೇರಿಸು ಅಂತ ಹೇಳಿದ್ದು ಯಾರು?"

"ಮೇಸ್ತ್ರಿ."

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದ. "ಏನಾದ್ರೂ ಮಾಡು ಅಂದೆ ಸಾರ್. ಇಂಥಾದ್ದು ಮಾಡು ಅಂದೆನಾ?"

ಉದ್ದ ತೋಳಿನ ಅಂಗಿ, ಭಾವಮೈದನ ಅಚಾತುರ್ಯ ಎಂದು ವರದಿಯಾಯಿತು. ಇಬ್ಬರ ಕೆಲಸವೂ ಹೋಯಿತು.

ಅಕ್ಕ ಒಂದು ದಿನವೂ ತಮ್ಮನನ್ನು ಬೈಯಲಿಲ್ಲ. ತಿಂಗಳಾದ ಮೇಲೆ ಅವನೇ ಬಾಗಿಲಲ್ಲಿ ನಿಂತು ಕೇಳಿಕೊಂಡ. "ಬೈಯಕ್ಕ. ನಾಲ್ಕು ಏಟಾದ್ರೂ ಹೊಡಿ."

"ಬೈದ್ರೆ ನಿಂಗೆ ಹಗುರಾಗುತ್ತೆ," ಎಂದಳು ಅಕ್ಕ. ಕೈಯಲ್ಲಿ ಗಂಡನ ಅಂಗಿಯಿತ್ತು. ಅದರ ಬಲತೋಳನ್ನು ಒಳಕ್ಕೆ ಮಡಚಿ ಹೊಲಿಯುತ್ತಿದ್ದಳು. "ಇನ್ನು ಬರಬೇಡ ಕಣೋ. ನೀನು ಬಂದ ದಿನ ಅವರು ಊಟ ಮುಟ್ಟಲ್ಲ."

ಅವನು ಮೆಟ್ಟಿಲಿಳಿಯುವಾಗ ಒಳಗಿನಿಂದ ಭಾವನ ದನಿ ಕೇಳಿಸಿತು. "ಯಾರೇ ಬಂದಿದ್ದು?"

"ಯಾರೂ ಇಲ್ಲ," ಎಂದು ಅಕ್ಕ ಬಾಗಿಲು ಹಾಕಿಕೊಂಡಳು.